ಅಜ್ಜಿಯ ತಗಡಿನ ಡಬ್ಬಿಯೂ ಮಕ್ಕಳ ಪ್ರಶ್ನೆಗಳೂ

ಹೋದ ವಾರ ನಮ್ಮ ಕನ್ನಡ ಮಾಧ್ಯಮ ಶಾಲೆಯ ಏಳನೆಯ ತರಗತಿಯ ಹುಡುಗಿಯೊಬ್ಬಳು ಒಂದು ಹಳೆಯ ತಗಡಿನ ಡಬ್ಬಿಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಂದಳು. ಅದು ಅವಳ ಅಜ್ಜಿಯದು. ಮುಚ್ಚಳ ತೆರೆದಾಗ ಒಳಗೆ ಅರುವತ್ತಕ್ಕೂ ಮಿಕ್ಕಿ ನಾಣ್ಯಗಳಿದ್ದವು. ಕೆಲವು ದುಂಡು, ಕೆಲವು ಚೌಕ, ಕೆಲವು ಆರು ಮೂಲೆಯವು, ಕೆಲವು ಹೂವಿನ ಎಸಳಿನಂತೆ ಅಂಚು ಬಳುಕಿದವು. ಅವುಗಳ ನಡುವೆ ಅವಳ ಮಾವ ಗಲ್ಫಿನಿಂದ ಬರುವಾಗ ಕಿಸೆಯಲ್ಲಿ ಉಳಿದುಕೊಂಡು ಬಂದ ನಾಲ್ಕಾರು ಪರದೇಶದ ನಾಣ್ಯಗಳೂ ಇದ್ದವು.

"ಟೀಚರ್, ಅಜ್ಜಿ ಕೇಳಿಕೊಂಡು ಬರಲಿಕ್ಕೆ ಹೇಳಿದ್ದಾರೆ. ಇದಕ್ಕೆ ಲಕ್ಷಗಟ್ಟಲೆ ಸಿಗುತ್ತದಂತೆ, ಹೌದಾ?" ಎಂದಳು. ಮೊಬೈಲಿನಲ್ಲಿ ಯಾರೋ ಜಾಹೀರಾತು ಕಳುಹಿಸಿದ್ದರು. ಹಳೆಯ ನಾಣ್ಯವೊಂದಕ್ಕೆ ಎರಡು ಲಕ್ಷ ರೂಪಾಯಿ ಕೊಡುವುದಾಗಿಯೂ ಅದಕ್ಕೆ ಮೊದಲು ನೋಂದಣಿ ಶುಲ್ಕವೆಂದು ಮೂರು ಸಾವಿರ ರೂಪಾಯಿ ಕಟ್ಟಬೇಕೆಂದೂ ಅದರಲ್ಲಿತ್ತು. ಮೊಮ್ಮಗಳ ಮುಂದಿನ ಓದಿಗೆ ಆದೀತೆಂಬ ಆಸೆ ಅಜ್ಜಿಗೆ. ಶುಲ್ಕದ ಹಣವನ್ನು ಎತ್ತಿಟ್ಟೂ ಆಗಿತ್ತು. ಆದರೂ ಕಟ್ಟುವ ಮೊದಲು ಶಾಲೆಯಲ್ಲಿ ಒಮ್ಮೆ ಕೇಳಬೇಕೆಂದು ಅವರಿಗೆ ತೋರಿದ್ದು ದೊಡ್ಡ ವಿವೇಕ.

ಆ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ತರಗತಿಯ ಮಕ್ಕಳೆಲ್ಲ ಮೇಜಿನ ಸುತ್ತ ನೆರೆದಿದ್ದರು. ಒಂದು ಪ್ರಶ್ನೆ ಹತ್ತಾಯಿತು. ಆ ದಿನ ಕೇಳಿದವನ್ನೂ ಪೋಷಕರು ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿದವನ್ನೂ ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ. ಅಜ್ಜಿಯ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ.

ನಾಣ್ಯಗಳು ಹೆಚ್ಚಾಗಿ ದುಂಡಗಿರುವುದು ಏಕೆ?

ವೃತ್ತಕ್ಕೆ ಮೂಲೆಯಿಲ್ಲ. ಮೂಲೆಯಿದ್ದರೆ ಅದೇ ಮೊದಲು ಸವೆಯುತ್ತದೆ, ಕಿಸೆಯನ್ನೂ ಹರಿಯುತ್ತದೆ. ಅಚ್ಚಿನ ನಡುವೆ ಲೋಹದ ಬಿಲ್ಲೆಯನ್ನಿಟ್ಟು ಒತ್ತಿದಾಗ ಲೋಹವು ನಡುವಿನಿಂದ ಎಲ್ಲ ಕಡೆಗೂ ಸಮನಾಗಿ ಹರಡುವುದು ದುಂಡಗಿನ ಬಿಲ್ಲೆಯಲ್ಲಿ ಸುಲಭ. ದುಂಡು ನಾಣ್ಯವನ್ನು ಹೇಗೆ ತಿರುಗಿಸಿ ಅಳೆದರೂ ವ್ಯಾಸ ಒಂದೇ. ಆದುದರಿಂದ ಎಣಿಸುವ ಯಂತ್ರಕ್ಕೂ ಅಡುಕಿ ಇಡುವವರಿಗೂ ಅನುಕೂಲ.

ಕೆಲವು ನಾಣ್ಯಗಳ ಅಂಚಿನಲ್ಲಿ ಸಣ್ಣ ಗೀರುಗಳಿರುತ್ತವೆ. ನಾಣ್ಯವು ನಿಜವಾದ ಬೆಳ್ಳಿ ಬಂಗಾರದ್ದಾಗಿದ್ದ ಕಾಲದಲ್ಲಿ ಕೆಲವರು ಅಂಚನ್ನು ಮೆಲ್ಲನೆ ಅರೆದು ಲೋಹ ಕದಿಯುತ್ತಿದ್ದರು. ಗೀರು ಹಾಕಿದ ಅಂಚನ್ನು ಅರೆದರೆ ಕೂಡಲೇ ತಿಳಿದುಬರುತ್ತದೆ. ಇಂದು ಕದಿಯುವಂಥ ಲೋಹವೇನೂ ಅದರಲ್ಲಿಲ್ಲವಾದರೂ ಕಣ್ಣು ಕಾಣದವರು ಬೆರಳಿನಿಂದಲೇ ನಾಣ್ಯವನ್ನು ಗುರುತಿಸಲು ಆ ಗೀರುಗಳು ನೆರವಾಗುತ್ತವೆ.

ಹಾಗಾದರೆ ಚೌಕವೂ ಷಡ್ಭುಜವೂ ಏಕೆ ಬಂದವು?

ಇದೂ ಬೆರಳಿನ ಗುರುತಿಗಾಗಿಯೇ. ಓದು ಬಾರದವರು ಬಹುಸಂಖ್ಯಾತರಾಗಿದ್ದ ದೇಶದಲ್ಲಿ, ದೀಪದ ಮಂದ ಬೆಳಕಿನ ಅಂಗಡಿಗಳಲ್ಲಿ, ಗಾತ್ರದಲ್ಲಿ ಹೆಚ್ಚು ಭೇದವಿಲ್ಲದ ಚಿಲ್ಲರೆ ನಾಣ್ಯಗಳನ್ನು ಆಕಾರದಿಂದ ಬೇರ್ಪಡಿಸುವುದು ಸುಲಭವಾಗಿತ್ತು. ಬ್ರಿಟಿಷರ ಕಾಲದಲ್ಲಿಯೇ ಒಂದಾಣೆಗೆ ಎಸಳಿನ ಅಂಚು, ಎರಡಾಣೆಗೆ ಮೂಲೆ ಉರುಟಾದ ಚೌಕ ಆಕಾರವಿತ್ತು. ದಶಮಾಂಶ ಪದ್ಧತಿ ಬಂದ ಬಳಿಕ ಐದು ಪೈಸೆ ಚೌಕವಾಯಿತು. ಎರಡು ಪೈಸೆಗೂ ಹತ್ತು ಪೈಸೆಗೂ ಎಸಳಿನ ಅಂಚು ಬಂತು. 1964ರಲ್ಲಿ ಮೂರು ಪೈಸೆಯ ನಾಣ್ಯವು ಷಡ್ಭುಜಾಕೃತಿಯಲ್ಲಿ ಹೊರಬಂತು. 1982ರ ಇಪ್ಪತ್ತು ಪೈಸೆಯೂ ಷಡ್ಭುಜವೇ. ಅವು ಅಲ್ಯೂಮಿನಿಯಮಿನವಾದುದರಿಂದ ನೀರಿನ ಮೇಲೆ ಮೆಲ್ಲನೆ ಇಟ್ಟರೆ ತೇಲುವಷ್ಟು ಹಗುರವೆಂದು ಹಿರಿಯರು ನೆನಪಿಸಿಕೊಳ್ಳುತ್ತಾರೆ. 1990ರ ದಶಕದ ಎರಡು ರೂಪಾಯಿಗೆ ಹನ್ನೊಂದು ಬದಿಗಳಿದ್ದವು.

ಇಂದು ನಮ್ಮ ಕೈಗೆ ಬರುವ ಇಪ್ಪತ್ತು ರೂಪಾಯಿಯ ನಾಣ್ಯ ದ್ವಾದಶಭುಜ. ಹನ್ನೆರಡು ಬದಿ, 27 ಮಿಲಿಮೀಟರ್ ಅಗಲ, 8.54 ಗ್ರಾಂ ತೂಕ. ಹತ್ತು ರೂಪಾಯಿಯ ನಾಣ್ಯದ ಅಗಲವೂ 27 ಮಿಲಿಮೀಟರೇ. ಎರಡೂ ಇಬ್ಬಣ್ಣದವೇ. ಮೂಲೆಗಳಿಲ್ಲದಿದ್ದರೆ ಅವೆರಡನ್ನು ಕತ್ತಲಲ್ಲಿ ಬೇರ್ಪಡಿಸುವುದು ಎಷ್ಟು ಕಷ್ಟವೆಂದು ಕಣ್ಣು ಮುಚ್ಚಿ ಪರೀಕ್ಷಿಸಿ ನೋಡಬಹುದು. ಮಕ್ಕಳಿಗೆ ಇನ್ನೊಂದು ಲೆಕ್ಕ: ಸಮ ದ್ವಾದಶಭುಜದ ಒಂದೊಂದು ಒಳಕೋನ ಎಷ್ಟು? ಹೊರಕೋನಗಳ ಮೊತ್ತ 360 ಡಿಗ್ರಿ. ಅದನ್ನು ಹನ್ನೆರಡರಿಂದ ಭಾಗಿಸಿದರೆ 30. 180ರಿಂದ ಕಳೆದರೆ 150 ಡಿಗ್ರಿ. ಪಾಠಪುಸ್ತಕದಲ್ಲಿರುವ ಬಹುಭುಜಾಕೃತಿಯು ಕಿಸೆಯಲ್ಲಿಯೂ ಇದೆಯೆಂದು ತಿಳಿದಾಗ ಮಕ್ಕಳ ಮುಖ ಅರಳುತ್ತದೆ.

ಮಾವ ತಂದ ನಾಣ್ಯಕ್ಕೆ ಏಳು ಬದಿ ಏಕೆ?

ಡಬ್ಬಿಯಲ್ಲಿದ್ದ ಆ ನಾಣ್ಯ ಸಂಯುಕ್ತ ಅರಬ್ ಎಮಿರೇಟ್ಸಿನ 50 ಫಿಲ್ಸ್. ನೂರು ಫಿಲ್ಸಿಗೆ ಒಂದು ದಿರ್ಹಮ್. ಬ್ರಿಟನ್ನಿನಲ್ಲಿ 1969ರಿಂದ ಚಲಾವಣೆಯಲ್ಲಿರುವ 50 ಪೆನ್ಸಿಗೂ ಏಳು ಬದಿ. ಇಂಥ ನಾಣ್ಯದ ಬದಿಗಳು ನೇರವಾಗಿಲ್ಲ, ತುಸು ಉಬ್ಬಿವೆ. ಒಂದೊಂದು ಬದಿಯೂ ಎದುರಿನ ಮೂಲೆಯನ್ನು ಕೇಂದ್ರವಾಗಿಟ್ಟುಕೊಂಡು ಎಳೆದ ಕಂಸ. ಆದುದರಿಂದ ಹೇಗೆ ತಿರುಗಿಸಿ ಅಳೆದರೂ ಅದರ ಅಗಲ ವೃತ್ತದಂತೆಯೇ ಬದಲಾಗುವುದಿಲ್ಲ. ಕೈಗೆ ಮೂಲೆ ಸಿಗುತ್ತದೆ, ಯಂತ್ರಕ್ಕೆ ಒಂದೇ ಅಗಲ ಸಿಗುತ್ತದೆ.

ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ದಪ್ಪ ಕಾಗದದ ಮೇಲೆ 6 ಸೆಂಟಿಮೀಟರ್ ಬದಿಯ ಸಮಬಾಹು ತ್ರಿಭುಜವನ್ನು ಎಳೆಯಿರಿ. ಕೈವಾರವನ್ನು 6 ಸೆಂಟಿಮೀಟರಿಗೆ ತೆರೆದು, ಮೂರೂ ಶೃಂಗಗಳಿಂದ ಎದುರು ಬದಿಯ ಮೇಲೆ ಕಂಸ ಎಳೆದು, ಆ ಉಬ್ಬಿದ ತ್ರಿಭುಜವನ್ನು ಕತ್ತರಿಸಿ ತೆಗೆಯಿರಿ. ಎರಡು ಅಳತೆಪಟ್ಟಿಗಳನ್ನು 6 ಸೆಂಟಿಮೀಟರ್ ದೂರದಲ್ಲಿ ಸಮಾಂತರವಾಗಿಟ್ಟು ನಡುವೆ ಉರುಳಿಸಿದರೆ ಅದು ಎಲ್ಲಿಯೂ ಸಡಿಲವಾಗದೆ, ಎಲ್ಲಿಯೂ ಸಿಕ್ಕಿಕೊಳ್ಳದೆ ತಿರುಗುತ್ತದೆ. ಬಳಿಕ ಅಂಚಿಗೆ ನೂಲು ಸುತ್ತಿ ಅಳೆಯಿರಿ. 6 ಸೆಂಟಿಮೀಟರ್ ವ್ಯಾಸದ ವೃತ್ತದ ಪರಿಧಿಯಷ್ಟೇ, ಅಂದರೆ ಸುಮಾರು 18.8 ಸೆಂಟಿಮೀಟರ್ ಬರುತ್ತದೆ. ನಮ್ಮ ತರಗತಿಯಲ್ಲಿ ಯಾರೂ ಇದನ್ನು ಮೊದಲು ನಂಬಲಿಲ್ಲ. ಮೂರು ಸಲ ನೂಲು ಸುತ್ತಿದರು.

ಒಂದು ನಾಣ್ಯದ ಸುತ್ತ ಅಂಥವೇ ಎಷ್ಟು ನಾಣ್ಯ ಹಿಡಿಸುತ್ತವೆ?

ಒಂದು ರೂಪಾಯಿಯನ್ನು ಮೇಜಿನ ಮೇಲಿಟ್ಟು, ಅದೇ ಅಳತೆಯ ನಾಣ್ಯಗಳನ್ನು ಅದಕ್ಕೂ ಒಂದಕ್ಕೊಂದಕ್ಕೂ ತಾಗುವಂತೆ ಜೋಡಿಸುತ್ತ ಬನ್ನಿ. ಸರಿಯಾಗಿ ಆರು ಹಿಡಿಸುತ್ತವೆ, ಏಳನೆಯದಕ್ಕೆ ಜಾಗವಿಲ್ಲ. ಪರಸ್ಪರ ತಾಗಿದ ಮೂರು ನಾಣ್ಯಗಳ ಕೇಂದ್ರಗಳನ್ನು ಸೇರಿಸಿದರೆ ಸಮಬಾಹು ತ್ರಿಭುಜವಾಗುತ್ತದೆ. ಅದರ ಕೋನ 60 ಡಿಗ್ರಿ. ಅಂಥ ಆರು ಕೂಡಿದರೆ 360.

ಆದರೆ ದುಂಡು ನಾಣ್ಯಗಳ ನಡುವೆ ಸಂದು ಉಳಿಯುತ್ತದೆ. ಒಂದೇ ಅಳತೆಯ ಸಮ ಬಹುಭುಜಗಳಿಂದ ಸಂದಿಲ್ಲದೆ ನೆಲವನ್ನು ಮುಚ್ಚಬೇಕಾದರೆ ಮೂರೇ ಆಕಾರಗಳಿಂದ ಸಾಧ್ಯ: ತ್ರಿಭುಜ, ಚೌಕ, ಷಡ್ಭುಜ. ಈ ಮೂರರಲ್ಲಿ ಒಂದೇ ವಿಸ್ತೀರ್ಣಕ್ಕೆ ಅತಿ ಕಡಿಮೆ ಸುತ್ತಳತೆ ಷಡ್ಭುಜದ್ದು. ಜೇನುಹಟ್ಟಿಯ ಕೋಣೆಗಳಲ್ಲಿ ಕಡಿಮೆ ಮೇಣಕ್ಕೆ ಹೆಚ್ಚು ಜೇನು ಹಿಡಿಸುವುದು ಇದರಿಂದಲೇ. ಸಮತಲವನ್ನು ಸಮ ವಿಸ್ತೀರ್ಣದ ಭಾಗಗಳಾಗಿ ವಿಂಗಡಿಸಲು ಷಡ್ಭುಜವೇ ಅತ್ಯಂತ ಮಿತವ್ಯಯದ್ದೆಂದು ಗಣಿತಜ್ಞ ಥಾಮಸ್ ಹೇಲ್ಸ್ ಅವರು 1999ರಲ್ಲಷ್ಟೇ ಪೂರ್ಣವಾಗಿ ಸಾಧಿಸಿದರು.

ನಮ್ಮ ಬಾವಿಗಳು ದುಂಡಗಿರುವುದಕ್ಕೂ ಇಂಥದೇ ಕಾರಣಗಳಿವೆ. ಸುತ್ತಲ ಮಣ್ಣಿನ ಒತ್ತಡ ದುಂಡು ಗೋಡೆಯ ಮೇಲೆ ಸಮನಾಗಿ ಹಂಚಿಹೋಗುತ್ತದೆ; ಕಟ್ಟಿದ ಕಲ್ಲುಗಳು ಒಂದನ್ನೊಂದು ಬಿಗಿಯುತ್ತವೆ. ಚೌಕ ಬಾವಿಯಾದರೆ ನೇರ ಗೋಡೆಯ ನಡುಭಾಗ ಒಳಕ್ಕೆ ಬಾಗುವ ಭಯವಿರುತ್ತದೆ. ಒಂದೇ ವಿಸ್ತೀರ್ಣದ ಬಾಯಿಗೆ ವೃತ್ತದ ಸುತ್ತಳತೆಯೇ ಎಲ್ಲಕ್ಕಿಂತ ಕಡಿಮೆಯಾದುದರಿಂದ ಕಟ್ಟುವ ಕಲ್ಲೂ ಕಡಿಮೆ ಸಾಕು.

ನಾಲ್ಕಾಣೆ, ಎಂಟಾಣೆ ಎಂದರೇನು?

ಹಿಂದೆ ಒಂದು ರೂಪಾಯಿಗೆ 16 ಆಣೆ, ಒಂದಾಣೆಗೆ 4 ಪೈಸೆ ಅಥವಾ 12 ಕಾಸು. ಅಂದರೆ ರೂಪಾಯಿಗೆ 64 ಪೈಸೆ, 192 ಕಾಸು. ಹದಿನಾರನ್ನು ಅರ್ಧ, ಕಾಲು, ಅರೆಕಾಲು, ವೀಸ ಎಂದು ಮತ್ತೆ ಮತ್ತೆ ಎರಡಾಗಿ ಒಡೆಯುವುದು ಬಾಯಿಲೆಕ್ಕಕ್ಕೆ ಸುಲಭವಾಗಿತ್ತು. ಮಾತು ಪೂರ್ತಿ ನಿಜವಾದರೆ ಹದಿನಾರಾಣೆ ಸತ್ಯವೆನ್ನುವುದು ಈ ಲೆಕ್ಕದಿಂದಲೇ.

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆ ಎಂದಾಯಿತು. ಹಳೆಯ ಪೈಸೆಯಿಂದ ಬೇರ್ಪಡಿಸಲು ಸೇರಿಸಿದ 'ನಯಾ' ಎಂಬ ವಿಶೇಷಣವನ್ನು 1964ರ ಜೂನ್ 1ರಿಂದ ಕೈಬಿಡಲಾಯಿತು. ಒಂದಾಣೆಗೆ ಆರೂಕಾಲು ಪೈಸೆಯಾದುದರಿಂದ ಬಿಡಿ ಲೆಕ್ಕ ಕೂಡದೆ ಅಂಗಡಿಗಳಲ್ಲಿ ಕಿರಿಕಿರಿಯಾಯಿತು. ಆದರೆ ನಾಲ್ಕಾಣೆ ಸರಿಯಾಗಿ 25 ಪೈಸೆ, ಎಂಟಾಣೆ ಸರಿಯಾಗಿ 50 ಪೈಸೆ. ಆದುದರಿಂದ ಆ ಎರಡು ಹೆಸರುಗಳು ಮಾತಿನಲ್ಲಿ ಉಳಿದುಕೊಂಡವು.

ಕಾಸರಗೋಡಿನವರಿಗೆ ಈ ದಿನಾಂಕದಲ್ಲಿ ಇನ್ನೊಂದು ಅರ್ಥವಿದೆ. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮ ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅದಾಗಿ ಸರಿಯಾಗಿ ಐದು ತಿಂಗಳಿಗೆ ನಾಣ್ಯವೂ ಬದಲಾಯಿತು. ಆಗ ಶಾಲೆಯಲ್ಲಿದ್ದ ಮಕ್ಕಳು ಒಂದೇ ತರಗತಿ ಮುಗಿಸುವುದರೊಳಗೆ ರಾಜ್ಯದ ಹೆಸರನ್ನೂ ರೂಪಾಯಿಯ ಲೆಕ್ಕವನ್ನೂ ಹೊಸದಾಗಿ ಕಲಿಯಬೇಕಾಯಿತು. ಮಗ್ಗಿಯನ್ನು ಮಾತ್ರ ಕನ್ನಡದಲ್ಲಿಯೇ ಹೇಳಿದರು.

ಕಾಸು, ದುಡ್ಡು, ಹಣ ಎಂದು ನಾವು ಇಂದು ಹಣಕ್ಕೆಲ್ಲ ಬಳಸುವ ಮಾತುಗಳು ಒಂದು ಕಾಲದಲ್ಲಿ ಬೇರೆ ಬೇರೆ ನಾಣ್ಯಗಳ ಹೆಸರುಗಳಾಗಿದ್ದವು. ಕಾಸೂ ದುಡ್ಡೂ ತಾಮ್ರದವು. ಹಣ ಸಣ್ಣ ಚಿನ್ನದ ನಾಣ್ಯ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾದಂತೆ 'ಪಣ' ನಮ್ಮಲ್ಲಿ 'ಹಣ'ವಾಯಿತು. ನೆರೆಯ ಮಲಯಾಳದಲ್ಲಿ ಅದು ಇಂದಿಗೂ 'ಪಣಂ'.

ದಿರ್ಹಮಿನ ಬೆಲೆ ದಿನವೂ ಬದಲಾಗುವುದು ಏಕೆ?

ನಿಜವಾಗಿ ಬದಲಾಗುವುದು ರೂಪಾಯಿ ಮತ್ತು ಡಾಲರಿನ ನಡುವಣ ದರ. ಎಮಿರೇಟ್ಸಿನ ಸರಕಾರವು 1997ರಿಂದ ಒಂದು ಅಮೆರಿಕನ್ ಡಾಲರಿಗೆ 3.6725 ದಿರ್ಹಮ್ ಎಂದು ದರವನ್ನು ಕಟ್ಟಿಹಾಕಿದೆ. ಸೌದಿಯ ರಿಯಾಲಿಗೆ ಅದು 3.75. ಆದುದರಿಂದ ಡಾಲರಿಗೆ 84 ರೂಪಾಯಿ ಎಂದಿಟ್ಟುಕೊಂಡರೆ ದಿರ್ಹಮಿಗೆ ಸುಮಾರು 22 ರೂಪಾಯಿ 87 ಪೈಸೆ. ಡಾಲರಿಗೆ 88 ಆದರೆ ದಿರ್ಹಮಿಗೆ ಸುಮಾರು 23 ರೂಪಾಯಿ 96 ಪೈಸೆ. ದರ ಏರಿದಾಗ ಗಲ್ಫಿನಿಂದ ಹಣ ಬರುವ ಮನೆಗೆ ಹೆಚ್ಚು ರೂಪಾಯಿ ಸಿಗುವುದು ನಿಜ. ಆದರೆ ದೇಶವು ಹೊರಗಿನಿಂದ ತರಿಸುವ ಕಚ್ಚಾತೈಲ, ಅಡುಗೆ ಎಣ್ಣೆ ಮುಂತಾದವುಗಳ ಬೆಲೆಯೂ ರೂಪಾಯಿ ಲೆಕ್ಕದಲ್ಲಿ ಏರುತ್ತದೆ. ಒಂದು ಕೈಯಲ್ಲಿ ಬಂದದ್ದರ ಒಂದಂಶ ಇನ್ನೊಂದು ಕೈಯಲ್ಲಿ ಹೋಗುತ್ತದೆ.

ಕುವೈತಿನ ಒಂದು ದಿನಾರಿಗೆ ಅಷ್ಟೊಂದು ರೂಪಾಯಿ ಸಿಗುವುದರಿಂದ ಕುವೈತೇ ಎಲ್ಲಕ್ಕಿಂತ ಶ್ರೀಮಂತ ದೇಶವೇ ಎಂದೂ ಮಕ್ಕಳು ಕೇಳುತ್ತಾರೆ. ಹಾಗಲ್ಲ. ನಾಣ್ಯದ ಮೂಲಮಾನವನ್ನು ಎಷ್ಟು ದೊಡ್ಡದಾಗಿ ಇಟ್ಟುಕೊಂಡಿದ್ದಾರೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಜಪಾನಿನ ಒಂದು ಯೆನ್ ನಮ್ಮ ಒಂದು ರೂಪಾಯಿಗಿಂತ ಕಡಿಮೆ; ಆದರೂ ಜಪಾನ್ ಸಂಪನ್ನ ದೇಶ. ಸೇರಿನಲ್ಲಿ ಅಳೆದರೂ ಪಾವಿನಲ್ಲಿ ಅಳೆದರೂ ಕಣಜದ ಅಕ್ಕಿ ಅಷ್ಟೇ.

ಒಂದು ಕಾಲದಲ್ಲಿ ಗಲ್ಫಿನ ಹಲವು ನಾಡುಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತೆಂದು ಕೇಳಿ ಮಕ್ಕಳು ಬೆರಗಾದರು. ಚಿನ್ನದ ಕಳ್ಳಸಾಗಣೆಯಿಂದ ಭಾರತದ ವಿದೇಶಿ ವಿನಿಮಯ ಸೋರಿಹೋಗುವುದನ್ನು ತಡೆಯಲು ಭಾರತವು 1959ರಲ್ಲಿ ಆ ನಾಡುಗಳಿಗಾಗಿ ಬೇರೆ ಬಣ್ಣದ ಪ್ರತ್ಯೇಕ ನೋಟುಗಳನ್ನು ಹೊರತಂದಿತು. ಅವನ್ನು ಗಲ್ಫ್ ರೂಪಾಯಿ ಎನ್ನುತ್ತಿದ್ದರು. 1961ರಲ್ಲಿ ಕುವೈತ್ ತನ್ನ ದಿನಾರನ್ನು ತಂದಾಗ ಒಂದು ದಿನಾರಿಗೆ ಹದಿಮೂರು ರೂಪಾಯಿ ಮತ್ತು ಮೂರನೆಯ ಒಂದಂಶದ ಲೆಕ್ಕದಲ್ಲಿ ರೂಪಾಯಿಗಳನ್ನು ಬದಲಿಸಿಕೊಟ್ಟಿತು. 1966ರ ಜೂನ್ 6ರಂದು ಭಾರತವು ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಿದಾಗ ಉಳಿದ ನಾಡುಗಳೂ ಒಂದೊಂದಾಗಿ ತಮ್ಮ ನಾಣ್ಯಕ್ಕೆ ಹೊರಳಿದವು.

ಹಣ ಕಳುಹಿಸುವಾಗ ಯಾವುದನ್ನು ನೋಡಬೇಕು?

ಫಲಕದಲ್ಲಿ ಬರೆದ ದರವನ್ನು ಮಾತ್ರ ನೋಡಬಾರದು. ಶುಲ್ಕವನ್ನು ಕಳೆದ ಮೇಲೆ ಊರಿನಲ್ಲಿ ಕೈಗೆ ಸಿಗುವ ರೂಪಾಯಿಯನ್ನು ನೋಡಬೇಕು. ಒಂದು ಕಡೆ ದರ 23 ರೂಪಾಯಿ, ಶುಲ್ಕ 20 ದಿರ್ಹಮ್. ಇನ್ನೊಂದು ಕಡೆ ದರ 22 ರೂಪಾಯಿ 70 ಪೈಸೆ, ಶುಲ್ಕವಿಲ್ಲ ಎಂದಿಟ್ಟುಕೊಳ್ಳೋಣ. 1,000 ದಿರ್ಹಮಿನಲ್ಲಿ ಮೊದಲನೆಯ ಕಡೆ 980ಕ್ಕೆ 22,540 ರೂಪಾಯಿ, ಎರಡನೆಯ ಕಡೆ 22,700 ರೂಪಾಯಿ. ಎರಡನೆಯದೇ ಲಾಭ. 3,000 ದಿರ್ಹಮಾದರೆ ಮೊದಲನೆಯ ಕಡೆ 68,540, ಎರಡನೆಯ ಕಡೆ 68,100. ಈಗ ಮೊದಲನೆಯದೇ ಲಾಭ. ಎರಡೂ ಸಮನಾಗುವುದು ಎಷ್ಟು ದಿರ್ಹಮಿಗೆ? ಎಂಟನೆಯ ತರಗತಿಯ ಸಮೀಕರಣ ಬಲ್ಲ ಮಕ್ಕಳು ಉತ್ತರ ಸುಮಾರು 1,533 ಎಂದು ಕಂಡುಹಿಡಿಯಬಹುದು. ಈ ಲೆಕ್ಕವನ್ನು ಮಾಡಿದ ಒಬ್ಬ ಹುಡುಗ ಆ ರಾತ್ರಿಯೇ ತಂದೆಗೆ ಫೋನಿನಲ್ಲಿ ಹೇಳಿದನಂತೆ. ಎರಡು ಸಲ ಬಿಡಿಯಾಗಿ ಕಳುಹಿಸಿ ಎರಡು ಸಲ ಶುಲ್ಕ ತೆರುತ್ತಿದ್ದ ತಂದೆ ಈಗ ಒಟ್ಟಿಗೆ ಕಳುಹಿಸಲು ನಿಶ್ಚಯಿಸಿದ್ದಾರೆ.

ಕಿಸೆಯಲ್ಲಿ ಉಳಿದ ಪರದೇಶದ ನಾಣ್ಯಗಳನ್ನು ಇಲ್ಲಿಯ ವಿನಿಮಯ ಅಂಗಡಿಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಸಾಗಿಸುವ ಖರ್ಚೇ ಹೆಚ್ಚಾಗುತ್ತದೆ. ಅವನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೆ ಮಿತಿಯೇನೂ ಇಲ್ಲ. ವಿದೇಶಿ ನೋಟುಗಳಾದರೆ ಇಲ್ಲಿ ವಾಸಿಸುವವರು 2,000 ಡಾಲರ್ ಮೌಲ್ಯದವರೆಗೆ ಮಾತ್ರ ಇಟ್ಟುಕೊಳ್ಳಬಹುದು. ಮಿಕ್ಕದ್ದನ್ನು ಮರಳಿ ಬಂದ 180 ದಿನಗಳೊಳಗೆ ಬದಲಿಸಬೇಕು.

ಅಂಗಡಿಯಲ್ಲಿ ಹತ್ತು ರೂಪಾಯಿಯ ನಾಣ್ಯ ಬೇಡವೆಂದರೆ?

ಪುಸ್ತಕ ಕೊಳ್ಳಲು ಹೋದ ಮಗು ನಾಣ್ಯ ನಡೆಯುವುದಿಲ್ಲವೆಂಬ ಮಾತು ಕೇಳಿ ಬರಿಗೈಯಲ್ಲಿ ಮರಳಿದ್ದನ್ನು ನಾನು ಕಂಡಿದ್ದೇನೆ. ಹತ್ತು ರೂಪಾಯಿಯ ನಾಣ್ಯವು ಹಲವು ವಿನ್ಯಾಸಗಳಲ್ಲಿ ಬಂದಿದೆ. ರೂಪಾಯಿಯ ಚಿಹ್ನೆಯಿರುವುದೂ ಇಲ್ಲದಿರುವುದೂ ಸೇರಿ ಆವರೆಗೆ ಬಂದಿದ್ದ ಹದಿನಾಲ್ಕು ವಿನ್ಯಾಸಗಳೂ ಊರ್ಜಿತವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು ಮಾತ್ರ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. 50 ಪೈಸೆ ಇಂದಿಗೂ ಕಾನೂನಿನಂತೆ ನಡೆಯಬೇಕಾದ ನಾಣ್ಯವೇ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳಿಂದ 1,000 ರೂಪಾಯಿಯವರೆಗೂ, 50 ಪೈಸೆಯಿಂದ 10 ರೂಪಾಯಿಯವರೆಗೂ ಪಾವತಿ ಮಾಡಬಹುದು. ಈ ಮಾತನ್ನು ಜಗಳಕ್ಕಲ್ಲ, ಸೌಮ್ಯವಾಗಿ ತಿಳಿಸಲು ಮಕ್ಕಳಿಗೆ ಹೇಳಿಕೊಡಬೇಕು.

ಇಸವಿಯ ಕೆಳಗಿನ ಸಣ್ಣ ಗುರುತನ್ನೂ ತೋರಿಸಿ. ವಜ್ರಾಕೃತಿಯಿದ್ದರೆ ನಾಣ್ಯ ಮುಂಬಯಿ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಹೊಸ ನೋಟುಗಳಲ್ಲಿಯೂ ಆಕಾರಗಳಿವೆ: ನೂರರ ನೋಟಿನಲ್ಲಿ ಉಬ್ಬಿದ ತ್ರಿಭುಜ, ಐನೂರರಲ್ಲಿ ಉಬ್ಬಿದ ವೃತ್ತ. ಅವು ಕಣ್ಣು ಕಾಣದವರಿಗಾಗಿ.

ಅಜ್ಜಿಯ ಪ್ರಶ್ನೆಗೆ ಉತ್ತರ

ಹಳೆಯ ನಾಣ್ಯ ಕೊಳ್ಳುವ ಸಂಗ್ರಾಹಕರು ಇದ್ದಾರೆ. ಆದರೆ ನಾಣ್ಯದ ಬೆಲೆ ಅದರ ವಯಸ್ಸಿನಿಂದ ಬರುವುದಿಲ್ಲ. ವಿರಳತೆಯಿಂದಲೂ ಸವೆಯದೆ ಉಳಿದ ಸ್ಥಿತಿಯಿಂದಲೂ ಬರುತ್ತದೆ. ಅಜ್ಜಿಯ ಡಬ್ಬಿಯಲ್ಲಿದ್ದ ಪೈಸೆಗಳು ಅಪಾರ ಸಂಖ್ಯೆಯಲ್ಲಿ ಅಚ್ಚಾದವು; ಎಷ್ಟೋ ಮನೆಗಳ ಡಬ್ಬಿಗಳಲ್ಲಿ ಇಂದಿಗೂ ಇವೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ನಿಜವಾಗಿ ಕೊಳ್ಳುವವನು ಹಣ ಕೊಡುತ್ತಾನೆಯೇ ಹೊರತು ಮೊದಲು ಹಣ ಕೇಳುವುದಿಲ್ಲ. ತನ್ನ ಹೆಸರನ್ನೂ ಲಾಂಛನವನ್ನೂ ಬಳಸಿ ಹಳೆಯ ನಾಣ್ಯ ನೋಟುಗಳ ವ್ಯವಹಾರಕ್ಕೆ ಶುಲ್ಕ, ತೆರಿಗೆ ಎಂದು ವಸೂಲು ಮಾಡುವ ವಂಚಕರ ವಿಷಯದಲ್ಲಿ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಜನರನ್ನು ಎಚ್ಚರಿಸಿದೆ. ತಾನು ಅಂಥ ವ್ಯವಹಾರ ನಡೆಸುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದು ಹೇಳಿದೆ.

ಇದನ್ನೆಲ್ಲ ಹುಡುಗಿ ತನ್ನ ಪುಸ್ತಕದಲ್ಲಿ ಬರೆದುಕೊಂಡು ಹೋಗಿ ಅಜ್ಜಿಗೆ ಓದಿ ಹೇಳಿದಳು. ಮಲಯಾಳದಲ್ಲಿ ಬಂದಿದ್ದ ಜಾಹೀರಾತು ಅಜ್ಜಿಗೆ ಪೂರ್ತಿ ತಿಳಿದಿರಲಿಲ್ಲ. ಮೊಮ್ಮಗಳ ಕನ್ನಡ ತಿಳಿಯಿತು. ಶುಲ್ಕಕ್ಕೆಂದು ತೆಗೆದಿಟ್ಟ ಮೂರು ಸಾವಿರ ರೂಪಾಯಿಯನ್ನು ಮರುದಿನವೇ ಮೊಮ್ಮಗಳ ಹೆಸರಿನ ಉಳಿತಾಯ ಖಾತೆಗೆ ಹಾಕಿದರಂತೆ.

ಕನ್ನಡದಲ್ಲಿ ಓದಿದರೆ ಹೊರಗೆ ಏನು ಪ್ರಯೋಜನವೆಂದು ನಮ್ಮ ಪೋಷಕರನ್ನು ಕೇಳುವವರಿದ್ದಾರೆ. ಯಾವ ನೋಟನ್ನಾದರೂ ಹಿಂದುಮುಂದು ಮಾಡಿ ನೋಡಿ. ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿಯಿದೆ. ಮೇಲಿನಿಂದ ನಾಲ್ಕನೆಯದು ಕನ್ನಡ, ಏಳನೆಯದು ಮಲಯಾಳ. ಮಕ್ಕಳು ಅವೆರಡನ್ನೂ ಓದಲಿ. ಬರುವ ಭಾನುವಾರ ಮನೆಯಲ್ಲಿರುವ ನಾಣ್ಯಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದರ ಸುತ್ತ ಆರನ್ನು ಜೋಡಿಸಿ, ಅಜ್ಜ ಅಜ್ಜಿಯರನ್ನು ಹತ್ತಿರ ಕೂರಿಸಿಕೊಂಡು ಆಣೆಯ ಲೆಕ್ಕ ಕೇಳಲಿ. ಆ ಲೆಕ್ಕ ಬಲ್ಲವರು ಇನ್ನು ಹೆಚ್ಚು ಮಂದಿ ಉಳಿದಿಲ್ಲ.